ಟ್ರೋಪೋನಿನ್ ನೆಗೆಟಿವ್ ಅಂತ ಮನೆಗೆ ಕಳಿಸಿದರು, ರಾತ್ರಿ ಪಾಸಿಟಿವ್ ಬಂತು: ಈ ಪ್ರೋಟೀನ್ ಅಸಲಿಗೆ ಏನು?

ಶ್ರೀನಿವಾಸಪುರ ಮಾವು

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ ವಿಷಯ ಇದು. ಅರವತ್ತರ ಆಸುಪಾಸು, ಶುಗರ್ ಇದೆ. ಮಂಡಿಯಲ್ಲಿ ಮಾವಿನ ಕ್ರೇಟ್ ಇಳಿಸುವಾಗ ಎದೆ ಬಿಗಿ ಹಿಡಿದು, ನೋವು ಎಡಭುಜದವರೆಗೂ ಬಂತು. ಅರ್ಧ ಗಂಟೆಯೊಳಗೆ ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋದೆವು. ಬೆರಳಿನಿಂದ ರಕ್ತ ತೆಗೆದು ಒಂದು ಕಾರ್ಡ್ ಮೇಲೆ ಹಾಕಿದರು. "ಟ್ರೋಪೋನಿನ್ ನೆಗೆಟಿವ್, ಹಾರ್ಟ್ ಏನೂ ಇಲ್ಲ, ಗ್ಯಾಸ್ಟ್ರಿಕ್" ಅಂದು ಮಾತ್ರೆ ಕೊಟ್ಟರು. ಇಸಿಜಿ ತೆಗೆಯಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಮೈಯೆಲ್ಲಾ ಬೆವರು, ಕೂರೋಕೂ ಆಗದಷ್ಟು ಸುಸ್ತು. ಕೋಲಾರಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಅದೇ ಟೆಸ್ಟ್ ಪಾಸಿಟಿವ್. ಆಂಜಿಯೋಗ್ರಾಂ ಆಯ್ತು, ಸ್ಟೆಂಟ್ ಹಾಕಿದರು. ಈಗ ಮನೆಯಲ್ಲಿದ್ದಾರೆ, ಹುಷಾರಾಗಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಮಧ್ಯಾಹ್ನ ಇಲ್ಲ ಅಂದ ಟೆಸ್ಟ್ ರಾತ್ರಿ ಹೌದು ಅಂದಿದ್ದು ಹೇಗೆ? ಮೊದಲಿನ ಕಾರ್ಡ್ ಡೇಟ್ ಮುಗಿದಿತ್ತಾ? ಈ ಟ್ರೋಪೋನಿನ್ ದೇಹದಲ್ಲಿ ಏನು ಕೆಲಸ ಮಾಡುತ್ತದೆ?

ಕೋಲಾರ ಲ್ಯಾಬ್ ಅಕ್ಕ

ದೊಡ್ಡಪ್ಪ ಹುಷಾರಾಗಿರೋದು ಕೇಳಿ ಸಮಾಧಾನ ಆಯ್ತು. ನಾನು ಲ್ಯಾಬ್ ಟೆಕ್ನಿಷಿಯನ್, ಕಾರ್ಡ್ ಟೆಸ್ಟ್ ದಿನಾ ಮಾಡುತ್ತೇನೆ.

ಕಾರ್ಡ್ ಸರಿಯಾಗೇ ಇದ್ದಿರಬಹುದು. ತೊಂದರೆ ಹೊತ್ತಿನದು. ಟ್ರೋಪೋನಿನ್ ಹೃದಯದ ಸ್ನಾಯುವಿನ ಒಳಗೆ ಇರುವ ಪ್ರೋಟೀನ್. ಸ್ನಾಯುವಿನ ಜೀವಕೋಶಕ್ಕೆ ಪೆಟ್ಟು ಬಿದ್ದಾಗ ಅದು ರಕ್ತಕ್ಕೆ ಸೋರುತ್ತದೆ. ರಕ್ತನಾಳ ಕಟ್ಟಿದ ಕೂಡಲೇ ಕೋಶ ಸಾಯೋದಿಲ್ಲ, ಸೋರಿದ್ದು ಕೂಡಲೇ ಅಳತೆಗೆ ಸಿಗುವಷ್ಟು ಆಗೋದೂ ಇಲ್ಲ. ಮಾಮೂಲಿ ಟೆಸ್ಟ್‌ನಲ್ಲಿ ಕಾಣಿಸೋಕೆ ನೋವು ಶುರುವಾದ ಮೇಲೆ 3 ರಿಂದ 6 ಗಂಟೆ ಬೇಕು. ದೊಡ್ಡ ಆಸ್ಪತ್ರೆಗಳಲ್ಲಿರುವ ಹೈ ಸೆನ್ಸಿಟಿವಿಟಿ ಯಂತ್ರಗಳು ಇನ್ನೂ ಬೇಗ ಹಿಡಿಯುತ್ತವೆ. ಸಾಮಾನ್ಯವಾಗಿ 12 ರಿಂದ 24 ಗಂಟೆಯ ಹೊತ್ತಿಗೆ ಅದು ತುದಿಗೆ ಹೋಗುತ್ತದೆ, ಆಮೇಲೆ ಒಂದು ವಾರ, ಕೆಲವರಲ್ಲಿ ಎರಡು ವಾರದವರೆಗೂ ರಕ್ತದಲ್ಲಿ ಉಳಿಯುತ್ತದೆ. ಅರ್ಧ ಗಂಟೆಗೆ ಮಾಡಿದ ಕಾರ್ಡ್ ನೆಗೆಟಿವ್ ಬಂದಿದ್ದರಲ್ಲಿ ಆಶ್ಚರ್ಯ ಇಲ್ಲ. ಆ ಒಂದು ಕಾರ್ಡ್ ನಂಬಿ ಮನೆಗೆ ಕಳಿಸಿದ್ದು ತಪ್ಪು. ಎದೆ ನೋವು ಅಂತ ಬಂದವರಿಗೆ ಮೊದಲು ಇಸಿಜಿ, ಅದೂ ಹತ್ತು ನಿಮಿಷದೊಳಗೆ. ಟ್ರೋಪೋನಿನ್ ಒಂದು ಸಲ ಮಾಡಿ, ಕೆಲವು ಗಂಟೆ ಬಿಟ್ಟು ಮತ್ತೆ ಮಾಡಬೇಕು. ಏರುತ್ತಿದೆಯಾ ಇಲ್ಲವಾ ಅನ್ನೋದೇ ಮುಖ್ಯ.

ಕಾರ್ಡ್ ನೋಡುವ ರೀತಿಯನ್ನೂ ಹೇಳಿಬಿಡುತ್ತೇನೆ. ಕಾರ್ಡ್‌ನಲ್ಲಿ ಸಿ (ಕಂಟ್ರೋಲ್), ಟಿ (ಟೆಸ್ಟ್) ಅಂತ ಎರಡು ಗುರುತು ಇರುತ್ತವೆ. ರಕ್ತ ಹಾಕಿ ಕಿಟ್‌ನಲ್ಲಿ ಬರೆದಿರುವಷ್ಟು ಹೊತ್ತು, ಸಾಮಾನ್ಯವಾಗಿ 15 ನಿಮಿಷ, ಕಾಯಬೇಕು. ಸಿ ಎದುರು ಗೆರೆ ಬರಲೇಬೇಕು, ಬರದಿದ್ದರೆ ಆ ಕಾರ್ಡ್ ಲೆಕ್ಕಕ್ಕಿಲ್ಲ. ಟಿ ಎದುರು ಗೆರೆ ಎಷ್ಟೇ ತೆಳುವಾಗಿದ್ದರೂ, ಹೇಳಿದ ಹೊತ್ತಿನೊಳಗೆ ಬಂದಿದ್ದರೆ ಪಾಸಿಟಿವ್. ಮಬ್ಬು ಬೆಳಕಿನಲ್ಲಿ ಆ ತೆಳು ಗೆರೆ ಕಾಣದೆ ಹೋಗೋದನ್ನು ನೋಡಿದ್ದೇನೆ.

ಬಂಗಾರಪೇಟೆ ಮೇಷ್ಟ್ರು

ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳುವವನು ನಾನು. "ಅದು ಏನು ಕೆಲಸ ಮಾಡುತ್ತದೆ" ಅನ್ನೋ ಪ್ರಶ್ನೆಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಟೆಸ್ಟ್ ಹೆಸರು ಎಲ್ಲರಿಗೂ ಗೊತ್ತು, ಅದರ ಕೆಲಸ ಯಾರಿಗೂ ಗೊತ್ತಿಲ್ಲ ಅನ್ನೋದು ನನಗೆ ಬೇಸರ.

ಸ್ನಾಯುವಿನ ಒಳಗೆ ಎರಡು ಬಗೆಯ ಎಳೆಗಳಿವೆ. ದಪ್ಪ ಎಳೆ ಮಯೋಸಿನ್, ತೆಳು ಎಳೆ ಆಕ್ಟಿನ್. ಮಯೋಸಿನ್‌ಗೆ ಪುಟ್ಟ ಪುಟ್ಟ ತಲೆಗಳಿವೆ. ಬಾವಿಯಿಂದ ನೀರು ಸೇದುವಾಗ ಹಗ್ಗವನ್ನು ಹಿಡಿದು ಎಳೆದು, ಬಿಟ್ಟು, ಮುಂದಕ್ಕೆ ಹಿಡಿದು ಮತ್ತೆ ಎಳೆಯುತ್ತೇವಲ್ಲ, ಆ ತಲೆಗಳು ಆಕ್ಟಿನ್ ಎಳೆಯನ್ನು ಹಾಗೇ ಎಳೆಯುತ್ತವೆ. ಎಳೆಗಳು ಗಿಡ್ಡ ಆಗೋದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ. ಇದನ್ನು 1954ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದವು: ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಒಂದು ಕಡೆ, ಆಂಡ್ರ್ಯೂ ಹಕ್ಸ್‌ಲಿ ಮತ್ತು ರೋಲ್ಫ್ ನೀಡರ್ಗೆರ್ಕೆ ಇನ್ನೊಂದು ಕಡೆ. ಇಬ್ಬರು ಹಕ್ಸ್‌ಲಿಗಳೂ ನೆಂಟರಲ್ಲ.

ಈಗ ಯೋಚನೆ ಮಾಡಿ. ಮಯೋಸಿನ್ ತಲೆಗಳು ಸುಮ್ನೆ ಎಳೆಯುತ್ತಲೇ ಇದ್ದರೆ ಕೈ ಮಡಚಿದ್ದು ಮಡಚಿದ ಹಾಗೇ ಇರುತ್ತದೆ, ಹೃದಯ ಹಿಂಡಿದ್ದು ಹಿಂಡಿದ ಹಾಗೇ ನಿಲ್ಲುತ್ತದೆ. ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಅಂತ ಹೇಳೋಕೆ ಯಾರಾದರೂ ಬೇಕು. ಆ ಕೆಲಸ ಟ್ರೋಪೋಮಯೋಸಿನ್ ಮತ್ತು ಟ್ರೋಪೋನಿನ್‌ದು. ಟ್ರೋಪೋಮಯೋಸಿನ್ ಉದ್ದನೆಯ ಪ್ರೋಟೀನ್. ಆಕ್ಟಿನ್ ಎಳೆ ಗುಂಡುಗಳನ್ನು ಪೋಣಿಸಿದ ಹಾಗಿರುತ್ತದೆ, ಅದರ ಏಳು ಗುಂಡುಗಳ ಉದ್ದಕ್ಕೂ ಇದು ಮಲಗಿ, ಮಯೋಸಿನ್ ಹಿಡಿಯಬೇಕಾದ ಜಾಗವನ್ನು ಮುಚ್ಚಿರುತ್ತದೆ. ಅದಕ್ಕೆ ಅಂಟಿಕೊಂಡು ಟ್ರೋಪೋನಿನ್ ಕೂತಿರುತ್ತದೆ. ಅದರಲ್ಲಿ ಮೂರು ಭಾಗ. ಸಿ ಭಾಗ ಕ್ಯಾಲ್ಸಿಯಂ ಹಿಡಿಯುತ್ತದೆ. ಐ ಭಾಗ ಎಳೆತವನ್ನು ತಡೆಯುತ್ತದೆ. ಟಿ ಭಾಗ ಈ ಎಲ್ಲವನ್ನೂ ಟ್ರೋಪೋಮಯೋಸಿನ್‌ಗೆ ಕಟ್ಟುತ್ತದೆ. ನರದಿಂದ ಸಂದೇಶ ಬಂದಾಗ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಸಿ ಅದನ್ನು ಹಿಡಿಯುತ್ತದೆ, ಐ ತನ್ನ ತಡೆ ಸಡಿಲಿಸುತ್ತದೆ, ಟ್ರೋಪೋಮಯೋಸಿನ್ ಪಕ್ಕಕ್ಕೆ ಸರಿಯುತ್ತದೆ, ಮಯೋಸಿನ್ ಎಳೆಯುತ್ತದೆ. ಕ್ಯಾಲ್ಸಿಯಂ ವಾಪಸ್ ಪಂಪ್ ಆದ ಕೂಡಲೇ ಎಲ್ಲ ಮೊದಲಿನ ಜಾಗಕ್ಕೆ. ಹೃದಯದಲ್ಲಿ ಸಂದೇಶ ಹೊರಗಿನ ನರದಿಂದ ಬರಬೇಕಾಗಿಲ್ಲ, ಹೃದಯವೇ ಹುಟ್ಟಿಸಿಕೊಳ್ಳುತ್ತದೆ. ಉಳಿದ ಕೆಲಸ ಒಂದೇ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಇದು ನಡೆಯುತ್ತದೆ.

ಕ್ಯಾಲ್ಸಿಯಂ ಪಾತ್ರ ಗೊತ್ತಾಗಿದ್ದು ಲಂಡನ್ನಿನ ನಲ್ಲಿ ನೀರಿನಿಂದ. 1880ರ ದಶಕದ ಆರಂಭದಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ನೋಡುತ್ತಿದ್ದರು. ಚೆನ್ನಾಗಿ ಬಡಿಯುತ್ತಿತ್ತು. ಆ ಉಪ್ಪುನೀರನ್ನು ಭಟ್ಟಿ ಇಳಿಸಿದ ನೀರಿನಲ್ಲಲ್ಲ, ನಲ್ಲಿ ನೀರಿನಲ್ಲಿ ಕಲಸಿದ್ದರು ಅಂತ ಆಮೇಲೆ ತಿಳಿಯಿತು. ಭಟ್ಟಿ ಇಳಿಸಿದ ನೀರಿನಲ್ಲಿ ಕಲಸಿದಾಗ ಬಡಿತ ಸ್ವಲ್ಪ ಹೊತ್ತಿಗೇ ಕುಂದಿ ಹೋಯಿತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅದನ್ನು ನಡೆಸುತ್ತಿತ್ತು. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಅದರಲ್ಲಿರೋದೂ ಮುಖ್ಯವಾಗಿ ಕ್ಯಾಲ್ಸಿಯಮ್ಮೇ. ಆ ಕ್ಯಾಲ್ಸಿಯಂ ಸ್ನಾಯುವಿನಲ್ಲಿ ಯಾರ ಜೊತೆ ಮಾತಾಡುತ್ತದೆ ಅನ್ನೋದನ್ನು ಕಂಡುಹಿಡಿದವರು ಜಪಾನಿನ ಸೆಟ್ಸುರೊ ಎಬಾಶಿ. ಅವರೂ ಆಯಾಕೊ ಕೊಡಾಮ ಅವರೂ 1965ರಲ್ಲಿ ಟ್ರೋಪೋನಿನ್ ಅನ್ನು ಬೇರ್ಪಡಿಸಿ ತೋರಿಸಿದರು. ಅದನ್ನು ರಕ್ತದಲ್ಲಿ ಅಳೆಯುವ ಟೆಸ್ಟ್ ಬರೋಕೆ ಮತ್ತೆ ಎರಡು ದಶಕ ಹಿಡಿಯಿತು.

ಚಿಂತಾಮಣಿ ಜಿಮ್ ಹುಡುಗ

ಮೇಷ್ಟ್ರೇ ಸೂಪರ್. ನನ್ನದೊಂದು ಡೌಟು. ಜಿಮ್ ಸೇರಿದ ಹೊಸದರಲ್ಲಿ ಸ್ಕ್ವಾಟ್ಸ್ ಜಾಸ್ತಿ ಹೊಡೆದು ತೊಡೆ ಊದಿಕೊಂಡಿತ್ತು. ರಕ್ತ ಪರೀಕ್ಷೆಯಲ್ಲಿ ಸಿಕೆ ಅನ್ನೋದು ಸಾವಿರಗಟ್ಟಲೆ ಬಂತು. ಮನೆಯವರು ಹಾರ್ಟ್ ಅಂತ ಹೆದರಿದರು. ಡಾಕ್ಟರು ಟ್ರೋಪೋನಿನ್ ನೋಡಿ ಹಾರ್ಟ್ ಅಲ್ಲ ಅಂದರು. ತೊಡೆ ಸ್ನಾಯುವಿನಲ್ಲೂ ಟ್ರೋಪೋನಿನ್ ಇರುತ್ತೆ ಅಲ್ವಾ? ಅದು ಯಾಕೆ ಬರಲಿಲ್ಲ?

ಕೋಲಾರ ಲ್ಯಾಬ್ ಅಕ್ಕ

ಒಳ್ಳೆ ಪ್ರಶ್ನೆ ತಮ್ಮ. ತೊಡೆಯ ಟ್ರೋಪೋನಿನ್ ಐ ಬೇರೆ, ಹೃದಯದ ಟ್ರೋಪೋನಿನ್ ಐ ಬೇರೆ. ಎರಡನ್ನೂ ಬರೆಯುವ ಜೀನ್‌ಗಳೇ ಬೇರೆ. ಟೆಸ್ಟ್‌ನಲ್ಲಿರುವ ಆಂಟಿಬಾಡಿ ಹೃದಯದ್ದನ್ನು ಮಾತ್ರ ಗುರುತು ಹಿಡಿಯುತ್ತದೆ. ಸಿಕೆ, ಅಂದರೆ ಕ್ರಿಯೇಟಿನ್ ಕೈನೇಸ್, ಎಲ್ಲ ಸ್ನಾಯುವಿನಲ್ಲೂ ಇದೆ. ಅದಕ್ಕೇ ತೊಡೆಯ ಪೆಟ್ಟಿಗೂ ಏರುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹಾಗೆ ಊದಿಕೊಂಡಾಗ ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ಒಂದು ನಿಮಿಷವೂ ಕಾಯಬೇಡ. ಸ್ನಾಯು ಒಡೆದು ಅದರೊಳಗಿನ ಮಯೋಗ್ಲೋಬಿನ್ ಅನ್ನೋ ಪ್ರೋಟೀನ್ ಕಿಡ್ನಿಗೆ ಹೋಗುತ್ತಿದೆ ಅಂತ ಅರ್ಥ. ಜಿಮ್‌ನ ಪ್ರೋಟೀನ್ ಪೌಡರ್ ಬದಲಾಯಿಸಿದರೆ ಸರಿಹೋಗುವ ವಿಷಯ ಅಲ್ಲ, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಬೇಕಾಗುತ್ತದೆ.

ಮಾಲೂರು ಇಟ್ಟಿಗೆ

ನಮ್ಮ ಮಾವ ಡಯಾಲಿಸಿಸ್‌ನಲ್ಲಿದ್ದಾರೆ. ಅವರ ರಿಪೋರ್ಟ್‌ನಲ್ಲಿ ಟ್ರೋಪೋನಿನ್ ಯಾವಾಗಲೂ ಜಾಸ್ತಿ ಅಂತಲೇ ಬರುತ್ತದೆ. ಎದೆ ನೋವು ಮಾತ್ರ ಇಲ್ಲ. ಕಡಿಮೆ ಮಾಡೋಕೆ ಏನು ತಿನ್ನಿಸಬೇಕು?

ಕೋಲಾರ ಲ್ಯಾಬ್ ಅಕ್ಕ

ತಿನ್ನಿಸಿ ಇಳಿಸೋಕೆ ಇದು ಕೊಲೆಸ್ಟ್ರಾಲ್ ಅಲ್ಲ. ಕಿಡ್ನಿ ಕಾಯಿಲೆ ಇರುವವರಲ್ಲಿ ಟ್ರೋಪೋನಿನ್ ಸಾಮಾನ್ಯವಾಗಿ ಸ್ವಲ್ಪ ಮೇಲೇ ಇರುತ್ತದೆ. ಹೃದಯದ ಸ್ನಾಯು ಉರಿಯೂತ, ಶ್ವಾಸಕೋಶಕ್ಕೆ ಹೆಪ್ಪು ಹೋಗೋದು, ಮೈಗೆಲ್ಲಾ ಹರಡಿದ ಸೋಂಕು, ಇವುಗಳಲ್ಲೂ ಏರುತ್ತದೆ. ಇವರಲ್ಲಿ ಹಳೆಯ ಸಂಖ್ಯೆಗೂ ಹೊಸದಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಬೇಕು. ಆದ್ದರಿಂದ ಹಳೆಯ ರಿಪೋರ್ಟ್‌ಗಳನ್ನು ಒಂದು ಫೈಲಿನಲ್ಲಿ ಇಟ್ಟುಕೊಂಡು ಪ್ರತಿ ಸಲ ಡಾಕ್ಟರಿಗೆ ತೋರಿಸಿ.

ಯೂನಿಟ್ ಕೂಡ ನೋಡಿಕೊಳ್ಳಿ. ಒಂದು ಲ್ಯಾಬ್ ಮಿಲಿಲೀಟರಿಗೆ 0.04 ನ್ಯಾನೋಗ್ರಾಂ ಅಂತ ಬರೆಯುತ್ತದೆ, ಇನ್ನೊಂದು ಲೀಟರಿಗೆ 40 ನ್ಯಾನೋಗ್ರಾಂ ಅಂತ ಬರೆಯುತ್ತದೆ. ಎರಡೂ ಒಂದೇ. 0.04 ಇದ್ದದ್ದು 40 ಆಯ್ತು ಅಂತ ಅಳುತ್ತಾ ಬಂದವರನ್ನು ಕೂರಿಸಿ ಸಮಾಧಾನ ಮಾಡಿದ್ದೇನೆ.

ಮುಳಬಾಗಿಲು ಟೊಮೆಟೊ

ಸ್ನಾಯುವಿನ ಮಾತು ಬಂದಿದೆ ಅಂತ ಕೇಳುತ್ತಿದ್ದೇನೆ. ಟೊಮೆಟೊ ತೋಟಕ್ಕೆ ಔಷಧಿ ಹೊಡೆದ ದಿನ ನಮ್ಮ ಆಳಿಗೆ ಕಣ್ಣುರೆಪ್ಪೆ, ತೋಳಿನ ಮಾಂಸ ಪಟಪಟ ಅಂತ ಅದುರುತ್ತಿತ್ತು. ಬಾಯಲ್ಲಿ ಜೊಲ್ಲು ಬೇರೆ. ಬಿಸಿಲಿಗೆ ಅಂತ ಮಜ್ಜಿಗೆ ಕುಡಿಸಿ ಮಲಗಿಸಿದರು. ಇದಕ್ಕೂ ಕ್ಯಾಲ್ಸಿಯಂಗೂ ಸಂಬಂಧ ಇದೆಯಾ?

ಬಂಗಾರಪೇಟೆ ಮೇಷ್ಟ್ರು

ಅಣ್ಣ, ಇದು ಬಿಸಿಲಲ್ಲ. ಹಾಗೆ ಮಲಗಿಸೋದು ಅಪಾಯ. ನರ ಸ್ನಾಯುವಿಗೆ ಸಂದೇಶ ಕೊಡೋದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದಿಂದ. ಕೆಲಸ ಆದ ಕೂಡಲೇ ಅದನ್ನು ಒಡೆದು ಹಾಕೋಕೆ ಅಸಿಟೈಲ್‌ಕೋಲಿನೆಸ್ಟರೇಸ್ ಅನ್ನೋ ಪ್ರೋಟೀನ್ ಇದೆ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಈ ಪ್ರೋಟೀನನ್ನೇ ಕಟ್ಟಿಹಾಕುತ್ತದೆ. ಸಂದೇಶ ನಿಲ್ಲೋದೇ ಇಲ್ಲ. ಸ್ನಾಯು ಮೊದಲು ಅದುರುತ್ತದೆ, ಆಮೇಲೆ ಸೋತು ಬೀಳುತ್ತದೆ. ಉಸಿರಾಟದ ಸ್ನಾಯು ಸೋತರೆ ಜೀವಕ್ಕೇ ಅಪಾಯ. ಬಟ್ಟೆ ಬಿಚ್ಚಿಸಿ, ಸೋಪು ಹಾಕಿ ಮೈ ತೊಳೆಸಿ, 108ಕ್ಕೆ ಫೋನ್ ಮಾಡಿ. ಔಷಧಿಯ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ, ಅದರ ಮೇಲಿನ ಹೆಸರು ನೋಡಿದರೆ ಡಾಕ್ಟರಿಗೆ ಚಿಕಿತ್ಸೆ ಬೇಗ ಗೊತ್ತಾಗುತ್ತದೆ. ಇದಕ್ಕೆ ಅಟ್ರೋಪಿನ್ ಇಂಜೆಕ್ಷನ್ ಇದೆ.

ಗೌರಿಬಿದನೂರು ಓದುಗ

ಬಿಪಿಗೆ ಆಮ್ಲೋಡಿಪಿನ್ ತಗೋತೀನಿ. ಅದು ಕ್ಯಾಲ್ಸಿಯಂ ತಡೆಯುವ ಮಾತ್ರೆ ಅಂತ ಚೀಟಿಯಲ್ಲಿ ಓದಿದೆ. ಹಾಗಾದರೆ ಹೃದಯದ ಟ್ರೋಪೋನಿನ್‌ಗೆ ಕ್ಯಾಲ್ಸಿಯಂ ಸಿಗದೆ ಹೋಗಲ್ವಾ? ಓದಿ ಭಯ ಆಯ್ತು.

ಬಂಗಾರಪೇಟೆ ಮೇಷ್ಟ್ರು

ಭಯ ಬೇಡ, ಮಾತ್ರೆ ಮಾತ್ರ ನಿಲ್ಲಿಸಬೇಡಿ. ರಕ್ತನಾಳದ ಗೋಡೆಯಲ್ಲಿರೋದು ಬೇರೆ ಬಗೆಯ ಸ್ನಾಯು, ನಯ ಸ್ನಾಯು ಅಂತಾರೆ. ಅದರಲ್ಲಿ ಟ್ರೋಪೋನಿನ್ ಇಲ್ಲವೇ ಇಲ್ಲ. ಅಲ್ಲಿ ಕ್ಯಾಲ್ಸಿಯಂ ಹಿಡಿಯೋದು ಕ್ಯಾಲ್ಮಾಡ್ಯುಲಿನ್ ಅನ್ನೋ ಪ್ರೋಟೀನ್. ಆಮ್ಲೋಡಿಪಿನ್ ಹೆಚ್ಚಾಗಿ ಈ ನಾಳಗಳ ಮೇಲೇ ಕೆಲಸ ಮಾಡುತ್ತದೆ, ನಾಳ ಸಡಿಲವಾಗಿ ಬಿಪಿ ಇಳಿಯುತ್ತದೆ. ಕೆಲವರಿಗೆ ಪಾದ ಊದಿಕೊಳ್ಳೋದೂ ಇದರಿಂದಲೇ. ಊದಿದರೆ ಡಾಕ್ಟರಿಗೆ ಹೇಳಿ.

ಕೆಜಿಎಫ್ ಹಳಬ

ನಮ್ಮ ಮನೆತನದಲ್ಲಿ ಇಬ್ಬರು ಐವತ್ತರ ಆಸುಪಾಸಿನಲ್ಲಿ ಹೃದಯ ದಪ್ಪ ಆಗಿದೆ ಅಂತ ಹೋಗಿಬಿಟ್ಟರು. ಇದು ರಕ್ತದಲ್ಲೇ ಬರುತ್ತದೆ ಅಂತಾರೆ, ನಿಜವಾ?

ಬಂಗಾರಪೇಟೆ ಮೇಷ್ಟ್ರು

ಬರಬಹುದು ಸ್ವಾಮಿ. ಮಯೋಸಿನ್ ಎಷ್ಟು ಜೋರಾಗಿ ಎಳೆಯಬೇಕು ಅಂತ ಹದ ಮಾಡುವ ಇನ್ನೊಂದು ಪ್ರೋಟೀನ್ ಇದೆ, ಹೆಸರು ಮಯೋಸಿನ್ ಬೈಂಡಿಂಗ್ ಪ್ರೋಟೀನ್ ಸಿ. ಅದರ ಜೀನ್‌ನಲ್ಲಿ ಡಿಎನ್‌ಎಯ 25 ಅಕ್ಷರ ಬಿಟ್ಟುಹೋಗಿರುವ ಒಂದು ದೋಷ ನಮ್ಮ ಉಪಖಂಡದ ಜನರಲ್ಲಿ ಸುಮಾರು ನೂರಕ್ಕೆ ನಾಲ್ಕು ಮಂದಿಗೆ ಇದೆ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವಶಾಸ್ತ್ರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಸೇರಿದ್ದ ತಂಡ 2009ರಲ್ಲಿ ಇದನ್ನು ಪ್ರಕಟಿಸಿತು. ಈ ದೋಷ ಇದ್ದವರಿಗೆಲ್ಲಾ ಕಾಯಿಲೆ ಬಂದೇ ಬರುತ್ತದೆ ಅಂತಲ್ಲ. ವಯಸ್ಸಾದಂತೆ ಹೃದಯ ಸೋಲುವ ಸಾಧ್ಯತೆ ಹೆಚ್ಚು ಅಷ್ಟೇ. ಹೃದಯ ದಪ್ಪ ಆಗುವ ಕಾಯಿಲೆ ಮಯೋಸಿನ್, ಟ್ರೋಪೋನಿನ್ ಜೀನ್‌ಗಳ ದೋಷದಿಂದಲೂ ಬರುತ್ತದೆ.

ನಿಮ್ಮ ಮನೆಯಲ್ಲಿ ಇಬ್ಬರು ಹೋಗಿದ್ದಾರೆ ಅಂದ ಮೇಲೆ ಒಡಹುಟ್ಟಿದವರು, ಮಕ್ಕಳು ಎಲ್ಲರಿಗೂ ಒಂದು ಇಸಿಜಿ, ಒಂದು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ಆಟ ಆಡುವಾಗ ತಲೆ ತಿರುಗಿ ಬೀಳುವ ಮಕ್ಕಳಿದ್ದರೆ ಮೊದಲು ಅವರಿಗೆ. ಹಿಂದೆ ಇದಕ್ಕೆ ನೇರವಾದ ಔಷಧಿ ಇರಲಿಲ್ಲ. ಈಗ ಮಯೋಸಿನ್‌ನ ಅತಿ ಎಳೆತವನ್ನೇ ತಗ್ಗಿಸುವ ಮಾವಕ್ಯಾಮ್ಟೆನ್ ಎಂಬ ಮಾತ್ರೆಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಒಂದು ಪ್ರೋಟೀನ್ ಹೇಗೆ ಎಳೆಯುತ್ತದೆ ಅಂತ ಅರ್ಥ ಮಾಡಿಕೊಂಡ ಮೇಲೆ ಹುಟ್ಟಿದ ಔಷಧಿ ಅದು. ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ಶ್ರೀನಿವಾಸಪುರ ಮಾವು

ಎಲ್ಲ ಓದಿದೆ, ತುಂಬಾ ಉಪಕಾರ. ತಾಲ್ಲೂಕು ಆಸ್ಪತ್ರೆಗೆ ಮೊದಲೇ ಹೋಗಿದ್ದರೆ ಇಸಿಜಿ ಆಗುತ್ತಿತ್ತಾ?

ಕೋಲಾರ ಲ್ಯಾಬ್ ಅಕ್ಕ

ಆಗಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಶುರುವಾಯಿತು. ಯೋಜನೆಗೆ ಸೇರಿದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡ ಕೇಂದ್ರಗಳಿಗೆ ಕಳಿಸುತ್ತಾರೆ. ದೊಡ್ಡ ಅಟ್ಯಾಕ್ ಅಂತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಹೊರಗೆ ಅದು ಬಡವರಿಗೆ ಎಟುಕುವ ಬೆಲೆಯಲ್ಲ. ಇಸಿಜಿಯಲ್ಲೇ ಅಟ್ಯಾಕ್ ಗೊತ್ತಾದಾಗ ಟ್ರೋಪೋನಿನ್‌ಗೆ ಕಾಯೋದಿಲ್ಲ, ನೇರ ಚಿಕಿತ್ಸೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆ ಯೋಜನೆಯಲ್ಲಿ ಇದೆಯಾ ಅಂತ ಈಗಲೇ, ಯಾರಿಗೂ ಏನೂ ಆಗದೆ ಇರುವಾಗಲೇ, ಹೋಗಿ ಕೇಳಿಕೊಂಡು ಬನ್ನಿ. ನೋವು ಶುರುವಾದ ಹೊತ್ತನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳೋದನ್ನೂ ಮನೆಯವರಿಗೆ ಹೇಳಿಕೊಡಿ. ಡಾಕ್ಟರು ಮೊದಲು ಕೇಳೋದು ಅದನ್ನೇ. ಶುಗರ್ ಇರುವವರಿಗೆ ಎದೆ ನೋವೇ ಬರದೆ ಬರೀ ಬೆವರು, ಸುಸ್ತು, ಉಬ್ಬಸ ಬರಬಹುದು. ನಿಮ್ಮ ದೊಡ್ಡಪ್ಪನಿಗೆ ನೋವು ಬಂದಿದ್ದೇ ಒಂದು ಪುಣ್ಯ.

ಶಿಡ್ಲಘಟ್ಟ ರೇಷ್ಮೆಗೂಡು

ನಾನು ಇಲ್ಲಿ ಬರೆಯಬೇಕೋ ಬೇಡವೋ ಅಂತ ತುಂಬಾ ಯೋಚನೆ ಮಾಡಿದೆ. ನನ್ನ ಮಗನಿಗೆ ಡುಶೇನ್ ಸ್ನಾಯು ಕ್ಷಯ. ಡಿಸ್ಟ್ರೋಫಿನ್ ಅನ್ನೋ ಪ್ರೋಟೀನ್ ಅವನ ಸ್ನಾಯುಗಳಲ್ಲಿ ಇಲ್ಲ. ಒಳಗಿನ ಎಳೆಗಳನ್ನು ಕೋಶದ ಗೋಡೆಗೆ ಹಿಡಿದಿಡುವ ಪ್ರೋಟೀನ್ ಅದು. ಇಲ್ಲದಿದ್ದರೆ ಪ್ರತಿ ಸಲ ಸ್ನಾಯು ಎಳೆದಾಗಲೂ ಗೋಡೆ ಸ್ವಲ್ಪ ಸ್ವಲ್ಪ ಹರಿಯುತ್ತದೆ.

ಅವನು ನೆಲದಿಂದ ಏಳುವಾಗ ಮೊದಲು ಅಂಬೆಗಾಲಿಗೆ ಬರುತ್ತಿದ್ದ. ಆಮೇಲೆ ಕೈಗಳನ್ನು ಮೊಣಕಾಲಿನ ಮೇಲೆ, ಅಲ್ಲಿಂದ ತೊಡೆಯ ಮೇಲೆ ಊರಿ, ತನ್ನ ಮೈಯನ್ನೇ ಹತ್ತಿಕೊಂಡು ನಿಲ್ಲುತ್ತಿದ್ದ. ಮೀನಖಂಡ ದಪ್ಪಗೆ, ಗಟ್ಟಿಯಾಗಿತ್ತು. ಒಳ್ಳೆ ಕಟ್ಟುಮಸ್ತು ಹುಡುಗ ಅಂತ ಎಲ್ಲರೂ ಹೇಳುತ್ತಿದ್ದರು. ಒಂದು ಆಸ್ಪತ್ರೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಜಾಸ್ತಿ ಇದೆ ಅಂತ ಲಿವರ್‌ಗೆ ಟಾನಿಕ್ ಕೊಡುತ್ತಲೇ ಹೋದರು. ಸಿಕೆ ಒಂದು ಸಲವೂ ನೋಡಲಿಲ್ಲ. ಆ ಎರಡು ಎನ್‌ಜೈಮ್‌ಗಳು ಸ್ನಾಯುವಿನಿಂದಲೂ ಬರುತ್ತವೆ ಅಂತ ನನಗೆ ಗೊತ್ತಾಗಿದ್ದು ನಿಮ್ಹಾನ್ಸ್‌ಗೆ ಹೋದ ಮೇಲೆ. ಅಲ್ಲಿ ಸಿಕೆ ನೋಡಿ, ಜೀನ್ ಪರೀಕ್ಷೆ ಮಾಡಿ ಹೇಳಿದರು.

ಇದನ್ನು ಓದುವ ಅಮ್ಮಂದಿರಿಗೆ ಹೇಳುತ್ತಿದ್ದೇನೆ. ಗಂಡು ಮಗು ಪದೇ ಪದೇ ಬೀಳುತ್ತಿದ್ದರೆ, ಮೆಟ್ಟಿಲು ಹತ್ತೋಕೆ ಕಷ್ಟಪಟ್ಟರೆ, ಲಿವರ್ ರಿಪೋರ್ಟ್ ಸರಿ ಇಲ್ಲ ಅಂದರೆ, ಸಿಕೆ ಟೆಸ್ಟ್ ಬರೆದುಕೊಡಿ ಅಂತ ನೀವೇ ಕೇಳಿ. ನಾಚಿಕೆ ಬೇಡ.

ಕೋಲಾರ ಲ್ಯಾಬ್ ಅಕ್ಕ

ಅಕ್ಕ, ನೀವು ಬರೆದಿದ್ದು ಬಹಳ ಒಳ್ಳೆಯದಾಯ್ತು. ಲಿವರ್ ಪ್ಯಾನೆಲ್ ಮಾತ್ರ ಬರೆದ ಚೀಟಿ ಹಿಡಿದು ಬರುವ ಇಂಥ ಮಕ್ಕಳನ್ನು ನಾನೂ ನೋಡಿದ್ದೇನೆ. ಅವನಿಗೆ ಹೃದಯದ ಎಕೋ ಆಗಾಗ ಮಾಡಿಸುತ್ತಿದ್ದೀರಾ? ಡಿಸ್ಟ್ರೋಫಿನ್ ಹೃದಯಕ್ಕೂ ಬೇಕು.

ಶಿಡ್ಲಘಟ್ಟ ರೇಷ್ಮೆಗೂಡು

ವರ್ಷಕ್ಕೊಮ್ಮೆ ಮಾಡಿಸುತ್ತೇವೆ. ಸ್ಟೀರಾಯ್ಡ್ ಮಾತ್ರೆ ನಡೆಯುತ್ತಿದೆ. ಹಿಮ್ಮಡಿ ಬಿಗಿಯಾಗದ ಹಾಗೆ ದಿನಾ ರಾತ್ರಿ ಪಾದ ಹಿಡಿದು ಮೇಲಕ್ಕೆ ಬಾಗಿಸಿ ವ್ಯಾಯಾಮ ಮಾಡಿಸುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸ್ನಾಯು ಕ್ಷಯ ಇದೆ. ಹಾಗಾಗಿ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಸಿಕ್ಕಿದೆ, ಶಾಲೆಯಲ್ಲಿ ಕೆಳಗಿನ ಮಹಡಿಯಲ್ಲೇ ಕ್ಲಾಸು ಮಾಡಿಕೊಟ್ಟಿದ್ದಾರೆ.

ಬಾಗೇಪಲ್ಲಿ ತಾಯಿ

ಅಕ್ಕ, ನಿಮ್ಮ ಪೋಸ್ಟ್ ಓದಿ ಕೈ ನಡುಗುತ್ತಿದೆ. ನಮ್ಮ ಅಕ್ಕನ ಮಗನಿಗೂ ಇದೇ ಕಾಯಿಲೆ. ನನಗೆ ಮದುವೆಯಾಗಿದೆ, ಇನ್ನೂ ಮಕ್ಕಳಿಲ್ಲ. ನಾನು ಏನಾದರೂ ಟೆಸ್ಟ್ ಮಾಡಿಸಬೇಕಾ?

ಶಿಡ್ಲಘಟ್ಟ ರೇಷ್ಮೆಗೂಡು

ಮಾಡಿಸಿ ತಂಗಿ. ಮಗು ಬೇಕು ಅಂತ ಯೋಚನೆ ಮಾಡುವ ಮೊದಲೇ ಮಾಡಿಸಿ. ಈ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ. ತಾಯಿಯಲ್ಲಿ ದೋಷ ಇದ್ದರೆ ಪ್ರತಿ ಗಂಡು ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಎಲ್ಲ ತಾಯಂದಿರಲ್ಲೂ ಇರೋದಿಲ್ಲ, ಕೆಲವು ಮಕ್ಕಳಲ್ಲಿ ಅದು ಹೊಸದಾಗೇ ಹುಟ್ಟಿರುತ್ತದೆ. ಮೊದಲು ನಿಮ್ಮ ಅಕ್ಕನ ಮಗನ ಜೀನ್ ರಿಪೋರ್ಟ್‌ನ ಜೆರಾಕ್ಸ್ ತೆಗೆದುಕೊಳ್ಳಿ. ಯಾವ ಜಾಗದಲ್ಲಿ ದೋಷ ಅಂತ ಅದರಲ್ಲಿ ಇರುತ್ತದೆ, ನಿಮಗೆ ಅದೊಂದನ್ನೇ ನೋಡಿದರೆ ಸಾಕಾಗುತ್ತದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ನಿಮ್ಹಾನ್ಸ್ ಇದೆ, ಎರಡರಲ್ಲಿ ಯಾವುದಾದರೂ ಒಂದು ಕಡೆ ಜೆನೆಟಿಕ್ ಕೌನ್ಸೆಲಿಂಗ್ ಕೇಳಿ. ಗಂಡನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಒಬ್ಬಳೇ ಹೋಗಬೇಡಿ. ನಿಮ್ಮಲ್ಲಿ ದೋಷ ಇದೆ ಅಂತ ಬಂದರೆ ನಿಮಗೂ ಒಂದು ಎಕೋ ಬೇಕು. ಕಾಯಿಲೆ ಇಲ್ಲದಿದ್ದರೂ ಅದನ್ನು ಹೊತ್ತ ಹೆಂಗಸರ ಹೃದಯ ಕೆಲವೊಮ್ಮೆ ಸೋಲುತ್ತದೆ. ನನಗೆ ಇದನ್ನು ಹೇಳಿದವರು ಯಾರೂ ಇರಲಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಅಕ್ಕನ ಮಗನ ರಿಪೋರ್ಟ್ ಸಿಕ್ಕಿದ ಮೇಲೆ ಇಲ್ಲೇ ಬರೆಯಿರಿ. ಯಾವ ದಿನ ಓಪಿಡಿ, ಏನೇನು ಕಾಗದ ಬೇಕು, ಎಲ್ಲ ನಾನು ವಿಚಾರಿಸಿ ಹೇಳುತ್ತೇನೆ.